ಹೆನ್ರಿ ತಾಜ್‌ಫೆಲ್ ಮತ್ತು ‘ನಾವು–ಅವರು’: ಒಂದು ಪ್ರಯೋಗ ಬಿಟ್ಟು ಪೂರ್ತಿ ಕೆಲಸದ ಬಗ್ಗೆ ಮಾತಾಡೋಣ

ಹೊಂಗೆನೆರಳು

ಗುಂಪುಗಳ ಮನೋವಿಜ್ಞಾನದ ಬಗ್ಗೆ ಎಲ್ಲಿ ಓದಿದರೂ ಒಂದು ಪ್ರಯೋಗ ಬಂದೇ ಬರುತ್ತದೆ. ಶಾಲೆಯ ಹುಡುಗರಿಗೆ ಕ್ಲೀ, ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿದರು. ನಿನಗೆ ಕ್ಲೀ ಇಷ್ಟ, ನೀನು ಆ ಗುಂಪು. ನಿನಗೆ ಕ್ಯಾಂಡಿನ್‌ಸ್ಕಿ ಇಷ್ಟ, ನೀನು ಈ ಗುಂಪು. ಅಷ್ಟು ಹೇಳಿದ್ದಕ್ಕೇ ಹುಡುಗರು ತಮ್ಮ ಗುಂಪಿನವರ ಪರ ವಾಲಿದರು. ಇಷ್ಟು ಹೇಳಿ, ‘ನೋಡಿ, ಬೇರೆಯವರನ್ನು ದ್ವೇಷಿಸುವುದು ಮನುಷ್ಯನ ರಕ್ತದಲ್ಲೇ ಇದೆ’ ಎಂದು ಮುಗಿಸಿಬಿಡುತ್ತಾರೆ. ನನಗೆ ಇದು ನಿಜವಾಗಿಯೂ ಬೇಸರ ತರುತ್ತದೆ. ಆ ಪ್ರಯೋಗ ಮಾಡಿದ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ‘ರಕ್ತದಲ್ಲೇ ಇದೆ’ ಅನ್ನುವ ವಾದದ ವಿರುದ್ಧವೇ ಬರೆದವರು.

ಅವರ ಬದುಕು ಗೊತ್ತಿದ್ದರೆ ಪ್ರಶ್ನೆ ಎಲ್ಲಿಂದ ಬಂತು ಅನ್ನೋದೂ ಗೊತ್ತಾಗುತ್ತದೆ. ಅವರು ಹುಟ್ಟಿದ್ದು 1919ರಲ್ಲಿ, ಪೋಲೆಂಡಿನ ವ್ಲೊತ್ಸ್ವಾವೆಕ್ ಊರಿನ ಯಹೂದಿ ಮನೆಯಲ್ಲಿ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಯಹೂದಿಗಳಿಗೆ ಸೀಟು ಸಿಗುವುದೇ ಕಷ್ಟವಿತ್ತು. ಹಾಗಾಗಿ ರಸಾಯನಶಾಸ್ತ್ರ ಓದಲು ಫ್ರಾನ್ಸಿಗೆ ಹೋದರು. ಯುದ್ಧ ಶುರುವಾದಾಗ ಫ್ರೆಂಚ್ ಸೈನ್ಯ ಸೇರಿದರು. 1940ರಲ್ಲಿ ಜರ್ಮನ್ನರ ಕೈಗೆ ಸಿಕ್ಕಿಬಿದ್ದರು. ಯುದ್ಧ ಮುಗಿಯುವವರೆಗೂ ಸೆರೆಯಲ್ಲಿದ್ದರು.

ಸೆರೆಯಲ್ಲಿ ಅವರು ತಾನು ಯಹೂದಿ ಎಂಬುದನ್ನು ಮುಚ್ಚಿಡಲಿಲ್ಲ. ಪೋಲೆಂಡಿನವನು ಎಂಬುದನ್ನು ಮುಚ್ಚಿಟ್ಟರು. ಫ್ರೆಂಚ್ ಯಹೂದಿ ಸೈನಿಕ ಎಂದಾದರೆ ಬದುಕುವ ಸಾಧ್ಯತೆ ಇತ್ತು. ಪೋಲಿಷ್ ಯಹೂದಿ ಎಂದಾದರೆ ಸಾವು ಹೆಚ್ಚುಕಡಿಮೆ ಖಚಿತ. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಕಾವಲುಗಾರನ ಜೊತೆ ಎಷ್ಟೇ ಸ್ನೇಹ ಇರಲಿ, ಸೆರೆಯಾಳು ಎಷ್ಟೇ ಒಳ್ಳೆಯ ಮನುಷ್ಯನಾಗಿರಲಿ, ಆ ಒಂದು ಗುರುತು ಹೊರಬಿದ್ದರೆ ಉಳಿದದ್ದೆಲ್ಲ ಲೆಕ್ಕಕ್ಕೇ ಇಲ್ಲ. ಇಬ್ಬರು ವ್ಯಕ್ತಿಗಳ ನಡುವಿನ ಸಂಬಂಧವೇ ಬೇರೆ, ಎರಡು ಗುಂಪುಗಳ ನಡುವಿನ ಸಂಬಂಧವೇ ಬೇರೆ. ಒಂದರಿಂದ ಇನ್ನೊಂದನ್ನು ವಿವರಿಸೋಕೆ ಆಗೋದಿಲ್ಲ. ಅವರ ಮುಂದಿನ ಎಲ್ಲ ಕೆಲಸದ ಬುಡದಲ್ಲಿ ಈ ಮಾತು ಇದೆ.

ಬಿಡುಗಡೆಯಾಗಿ ಬಂದಾಗ ಹತ್ತಿರದ ಕುಟುಂಬದವರು ಯಾರೂ ಉಳಿದಿರಲಿಲ್ಲ. ಕೆಲವು ವರ್ಷ ನಿರಾಶ್ರಿತರ ಜೊತೆ, ಅದರಲ್ಲೂ ತಂದೆತಾಯಿ ಕಳೆದುಕೊಂಡ ಮಕ್ಕಳ ಜೊತೆ ಕೆಲಸ ಮಾಡಿದರು. 1951ರಲ್ಲಿ ಬ್ರಿಟನ್ನಿಗೆ ಬಂದರು. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಮನೋವಿಜ್ಞಾನ ಓದಲು ಸೇರಿದಾಗ ವಯಸ್ಸು ಮೂವತ್ತು ದಾಟಿತ್ತು. ಪ್ರಬಂಧ ಸ್ಪರ್ಧೆಯೊಂದರಲ್ಲಿ ಗೆದ್ದು ವಿದ್ಯಾರ್ಥಿವೇತನ ಪಡೆದರು. ಪ್ರಬಂಧದ ವಿಷಯ ಪೂರ್ವಗ್ರಹ. ಆಮೇಲೆ ಡರ್ಹಮ್, ಆಕ್ಸ್‌ಫರ್ಡ್. 1967ರಲ್ಲಿ ಬ್ರಿಸ್ಟಲ್‌ನಲ್ಲಿ ಪ್ರೊಫೆಸರ್ ಆದರು. 1982ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ಈ ಮನುಷ್ಯ ‘ದ್ವೇಷ ಸಹಜ’ ಎಂದು ಹೇಳಲು ಇಷ್ಟು ಕೆಲಸ ಮಾಡಿದರು ಅಂತ ಯಾರಾದರೂ ಹೇಳಿದರೆ ಒಪ್ಪೋದು ಹೇಗೆ? ನೀವೆಲ್ಲ ಏನಂತೀರಿ?

ದಾರಿಹೋಕ

ಒಳ್ಳೆಯ ವಿಷಯ ಎತ್ತಿದ್ದೀರಿ. ನನಗೆ ಆ ಪ್ರಯೋಗದ ಕಥೆ ಮಾತ್ರ ಗೊತ್ತು, ಒಳಗಿನ ವಿವರ ಗೊತ್ತಿಲ್ಲ. ತಮ್ಮ ಗುಂಪಿಗೆ ‘ಪರ ವಾಲಿದರು’ ಅಂದರೆ ಏನು ಮಾಡಿದರು? ಹೊಡೆದಾಡಿದರೇ? ಬೈದರೇ? ದುಡ್ಡು ಜಾಸ್ತಿ ಕೊಟ್ಟರೇ? ಯಾರಾದರೂ ಬಿಡಿಸಿ ಹೇಳ್ತೀರಾ?

ಅಂಕೆಸಂಖ್ಯೆ

ದಾರಿಹೋಕ ಅವರೇ, ನಾನು ಹೇಳ್ತೀನಿ. ಇದರ ಸೊಗಸು ಇರೋದೇ ಲೆಕ್ಕದಲ್ಲಿ.

1970ರಲ್ಲಿ ಪ್ರಕಟವಾದ ವರದಿಯಲ್ಲಿ ಎರಡು ಪ್ರಯೋಗಗಳಿವೆ. ಮೊದಲನೆಯದರಲ್ಲಿ ಬ್ರಿಸ್ಟಲ್ ಹೊರವಲಯದ ಒಂದು ಶಾಲೆಯ 14–15 ವರ್ಷದ 64 ಹುಡುಗರು. ಪರದೆಯ ಮೇಲೆ ಚುಕ್ಕೆಗಳು ಮಿಂಚಿ ಮರೆಯಾಗುತ್ತವೆ, ಎಷ್ಟಿದ್ದವು ಎಂದು ಅಂದಾಜು ಮಾಡಬೇಕು. ಆಮೇಲೆ, ‘ನೀನು ಜಾಸ್ತಿ ಅಂದಾಜು ಮಾಡುವವರ ಗುಂಪು’, ‘ನೀನು ಕಡಿಮೆ ಅಂದಾಜು ಮಾಡುವವರ ಗುಂಪು’ ಎಂದು ಹೇಳುತ್ತಾರೆ. ಎರಡನೆಯದರಲ್ಲಿ 48 ಹುಡುಗರು, ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಚಿತ್ರಗಳು. ಎರಡರಲ್ಲೂ ಗುಂಪು ಮಾಡಿದ್ದು ಮನಸ್ಸಿಗೆ ಬಂದ ಹಾಗೆ. ಹುಡುಗರ ಉತ್ತರಕ್ಕೂ ಗುಂಪಿಗೂ ಸಂಬಂಧವಿರಲಿಲ್ಲ.

ಮುಂದಿನದು ಮುಖ್ಯ. ಪ್ರತಿ ಹುಡುಗನೂ ಒಬ್ಬನೇ ಕೂರುತ್ತಾನೆ. ಕೈಯಲ್ಲಿ ಅಂಕಿಗಳ ಪಟ್ಟಿ ಇರುವ ಪುಸ್ತಿಕೆ. ಇನ್ನಿಬ್ಬರು ಹುಡುಗರಿಗೆ ಅಂಕ ಹಂಚಬೇಕು. ಅವರ ಹೆಸರು ಗೊತ್ತಿಲ್ಲ, ಸಂಕೇತ ಸಂಖ್ಯೆ ಮತ್ತು ಗುಂಪು ಮಾತ್ರ ಗೊತ್ತು. ತನಗೇ ಅಂಕ ಕೊಟ್ಟುಕೊಳ್ಳುವ ಹಾಗಿಲ್ಲ. ಕೊನೆಗೆ ಅಂಕಗಳಿಗೆ ಸಣ್ಣ ಮೊತ್ತದ ದುಡ್ಡು ಸಿಗುತ್ತದೆ. ಒಂದು ಅಂಕಕ್ಕೆ ಪೆನ್ನಿಯ ಹತ್ತನೇ ಒಂದು ಭಾಗ.

ಈ ಬಗೆಯ ಒಂದು ಪಟ್ಟಿ ಹೀಗಿದೆ. ಒಂದು ತುದಿ ಆರಿಸಿದರೆ ನಮ್ಮ ಗುಂಪಿನವನಿಗೆ 19, ಆ ಗುಂಪಿನವನಿಗೆ 25. ನಡುವೆ ಬಂದರೆ ಇಬ್ಬರಿಗೂ 13. ಇನ್ನೊಂದು ತುದಿಗೆ ಹೋದರೆ ನಮ್ಮವನಿಗೆ 7, ಅವನಿಗೆ 1. ಈಗ ನೀವೇ ಯೋಚಿಸಿ. ನಮ್ಮ ಗುಂಪಿಗೆ ಲಾಭ ಬೇಕಾದರೆ 19ರ ತುದಿಯೇ ಸರಿ. ಒಟ್ಟು ಎಲ್ಲರಿಗೂ ಜಾಸ್ತಿ ದುಡ್ಡು ಬರಬೇಕಾದರೂ ಅದೇ ತುದಿ. ಆದರೂ ಹುಡುಗರು ಆ ಕಡೆ ಹೋಗಲಿಲ್ಲ. ನಡುವಿನ ಸಮಪಾಲನ್ನು ಸ್ವಲ್ಪ ದಾಟಿ, ನಮ್ಮವನಿಗೆ 12 ಅವನಿಗೆ 11 ಅನ್ನುವ ಕಡೆಗೆ ವಾಲಿದರು. ತಮ್ಮವನಿಗೆ ನಷ್ಟವಾದರೂ ಪರವಾಗಿಲ್ಲ, ಅವನಿಗಿಂತ ಒಂದು ಹೆಜ್ಜೆ ಮುಂದಿರಬೇಕು.

ಜನ ಮರೆಯೋದು ಇದನ್ನೇ: ಅವರು 7ಕ್ಕೆ 1ರ ತುದಿಗೂ ಓಡಲಿಲ್ಲ. ನ್ಯಾಯವಾಗಿ ಹಂಚಬೇಕು ಅನ್ನುವ ಎಳೆತವೂ ಬಲವಾಗಿಯೇ ಇತ್ತು. ಎರಡು ಎಳೆತಗಳ ನಡುವೆ ಸಿಕ್ಕ ಆಯ್ಕೆ ಅದು.

ಇಬ್ಬನಿ

12ಕ್ಕೆ 11! ಇಷ್ಟು ಚಿಕ್ಕ ವ್ಯತ್ಯಾಸದಿಂದ ‘ಮನುಷ್ಯ ಹುಟ್ಟಾ ದ್ವೇಷಿ’ ಅನ್ನೋ ಮಾತು ಹೇಗೆ ಹುಟ್ಟಿತೋ.

ಒಂದು ಅನುಮಾನ. ಕ್ಲೀ ಇಷ್ಟಪಡುವವನು ಇನ್ನೊಬ್ಬ ಕ್ಲೀ ಇಷ್ಟಪಡುವವನಿಗೆ ಜಾಸ್ತಿ ಕೊಟ್ಟರೆ, ‘ಅವನು ನನ್ನ ಥರ ಇದ್ದಾನೆ’ ಅನ್ನೋ ಕಾರಣಕ್ಕೂ ಇರಬಹುದಲ್ವಾ? ಗುಂಪಿನಿಂದ ಅಲ್ಲ, ಹೋಲಿಕೆಯಿಂದ.

ಹಳೇಮೇಷ್ಟ್ರು

ಇಬ್ಬನಿ ಅವರ ಅನುಮಾನ ಸರಿಯಾದದ್ದು. ತಾಜ್‌ಫೆಲ್ ಮತ್ತು ಅವರ ವಿದ್ಯಾರ್ಥಿ ಮೈಕೆಲ್ ಬಿಲಿಗ್ ಅದನ್ನೇ ಹಿಡಿದು 1973ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಈ ಸಲ ಕೆಲವು ಹುಡುಗರಿಗೆ ನೇರವಾಗಿ ಹೇಳಿದರು: ಗುಂಪು ಮಾಡಿದ್ದು ಸುಮ್ನೆ, ಚೀಟಿ ಎತ್ತಿದ ಹಾಗೆ. ಚಿತ್ರ ಇಲ್ಲ, ರುಚಿ ಇಲ್ಲ, ಹೋಲಿಕೆ ಇಲ್ಲ. ಆದರೂ ಪಕ್ಷಪಾತ ಬಂತು. ಇನ್ನು ಕೆಲವರಿಗೆ ರುಚಿಯ ಹೋಲಿಕೆ ಬಗ್ಗೆ ಹೇಳಿದರು, ಆದರೆ ಗುಂಪು ಅನ್ನುವ ಮಾತು ಎತ್ತಲಿಲ್ಲ. ಅಲ್ಲಿ ಪಕ್ಷಪಾತ ಕಮ್ಮಿ. ಅಂದರೆ ಕೆಲಸ ಮಾಡಿದ್ದು ಹೋಲಿಕೆಗಿಂತ ಹೆಚ್ಚಾಗಿ ಗುಂಪು ಎಂಬ ಹೆಸರು.

ಈ ಪ್ರಯೋಗ ಯಾಕೆ ಮಾಡಿದರು ಅನ್ನೋದನ್ನೂ ಹೇಳಬೇಕು. ಗುಂಪುಗಳ ನಡುವೆ ಜಗಳ ಯಾಕೆ ಬರುತ್ತದೆ ಎಂಬುದಕ್ಕೆ ಆಗ ಎರಡು ದೊಡ್ಡ ಉತ್ತರಗಳಿದ್ದವು. ಒಂದು, ಕೆಲವರ ವ್ಯಕ್ತಿತ್ವವೇ ಹಾಗೆ, ಬಾಲ್ಯದ ಕಟ್ಟುನಿಟ್ಟಿನಿಂದ ಬಂದದ್ದು ಅನ್ನುವ ಅಡೋರ್ನೊ ಮತ್ತು ಸಂಗಡಿಗರ 1950ರ ವಾದ. ಇನ್ನೊಂದು, ಮುಜಾಫರ್ ಶೆರೀಫ್ ಅವರ ವಾದ. 1954ರ ಬೇಸಿಗೆಯಲ್ಲಿ ಅಮೆರಿಕದ ಓಕ್ಲಹೋಮದ ಶಿಬಿರವೊಂದರಲ್ಲಿ ಅವರು 22 ಹುಡುಗರನ್ನು ಎರಡು ತಂಡ ಮಾಡಿ, ಪಂದ್ಯ ಮತ್ತು ಬಹುಮಾನ ಇಟ್ಟರು. ತಂಡಗಳು ಬೇಗನೆ ಶತ್ರುಗಳಾದವು. ಇಬ್ಬರೂ ಸೇರಿದರೆ ಮಾತ್ರ ಆಗುವಂಥ ಕೆಲಸ ಕೊಟ್ಟಾಗ ಹಗೆ ಇಳಿಯಿತು. ಒಂದೇ ವಸ್ತುವಿಗೆ ಇಬ್ಬರ ಪೈಪೋಟಿ ಇದ್ದರೆ ಜಗಳ, ಇದು ಶೆರೀಫ್ ಅವರ ಮಾತು.

ಮೊದಲ ಉತ್ತರ ತಾಜ್‌ಫೆಲ್‌ಗೆ ಹಿಡಿಸಲಿಲ್ಲ. ಒಂದು ದೇಶದ ಕೋಟ್ಯಂತರ ಜನ ಕೆಲವೇ ವರ್ಷಗಳಲ್ಲಿ ಒಂದು ಸಮುದಾಯದ ವಿರುದ್ಧ ತಿರುಗಿದರೆ, ಅವರೆಲ್ಲರ ಬಾಲ್ಯವೂ ಒಟ್ಟಿಗೆ ಕೆಟ್ಟಿತ್ತು ಎನ್ನಲಾದೀತೇ? ಶೆರೀಫ್ ಅವರ ಉತ್ತರದ ಮೇಲೆ ಗೌರವವಿತ್ತು. ಆದರೆ ಪೈಪೋಟಿ ಇಲ್ಲದಿದ್ದರೆ ಏನಾಗುತ್ತದೆ? ಅದಕ್ಕೇ ಎಲ್ಲವನ್ನೂ ತೆಗೆದುಹಾಕಿದ ಗುಂಪೊಂದನ್ನು ಮಾಡಿದರು. ಪರಿಚಯ ಇಲ್ಲ, ಇತಿಹಾಸ ಇಲ್ಲ, ಜಗಳ ಇಲ್ಲ, ಸ್ವಂತ ಲಾಭ ಇಲ್ಲ. ಆ ಬರಿಯ ಗುಂಪಿನಲ್ಲಿ ಪಕ್ಷಪಾತ ಇರುವುದಿಲ್ಲ, ಅಲ್ಲಿಂದ ಒಂದೊಂದೇ ಸೇರಿಸುತ್ತ ಹೋಗಿ ಎಲ್ಲಿ ಶುರುವಾಗುತ್ತದೆ ನೋಡೋಣ ಎಂಬುದು ಯೋಜನೆ. ಅದು ಮೊದಲ ಮೆಟ್ಟಿಲಲ್ಲೇ ಕಾಣಿಸಿಕೊಂಡಿತು.

ಇದಕ್ಕೂ ಹಿಂದಿನ ಕೆಲಸವನ್ನು ಯಾರೂ ನೆನೆಯುವುದಿಲ್ಲ. ನನಗೆ ಅದೇ ಅಚ್ಚುಮೆಚ್ಚು. 1963ರಲ್ಲಿ ವಿಲ್ಕ್ಸ್ ಎಂಬ ಸಹೋದ್ಯೋಗಿ ಜೊತೆ ಮಾಡಿದ್ದು. ಎಂಟು ಗೆರೆಗಳು. ಅತಿ ಗಿಡ್ಡದ್ದು 16.2 ಸೆಂಟಿಮೀಟರ್, ಅತಿ ಉದ್ದದ್ದು 22.8. ಒಂದೊಂದಾಗಿ ತೋರಿಸಿ ಉದ್ದ ಅಂದಾಜು ಮಾಡಿಸಿದರು. ಕೆಲವರಿಗೆ ಮಾತ್ರ ಗಿಡ್ಡ ನಾಲ್ಕರ ಮೇಲೆ ‘ಎ’, ಉದ್ದ ನಾಲ್ಕರ ಮೇಲೆ ‘ಬಿ’ ಎಂದು ಬರೆದು ತೋರಿಸಿದರು. ಆ ಅಕ್ಷರ ಕಂಡವರಿಗೆ ಎ ಗುಂಪಿನ ಕೊನೆಯ ಗೆರೆ ಮತ್ತು ಬಿ ಗುಂಪಿನ ಮೊದಲ ಗೆರೆ ನಡುವಿನ ಅಂತರ ನಿಜಕ್ಕಿಂತ ದೊಡ್ಡದಾಗಿ ಕಂಡಿತು. ಗೆರೆಗಳ ಮೇಲೆ ಯಾರಿಗೆ ದ್ವೇಷ? ಹೆಸರಿಟ್ಟು ವಿಂಗಡಿಸಿದರೆ ಸಾಕು, ಕಣ್ಣೇ ಅಂತರವನ್ನು ಹಿಗ್ಗಿಸುತ್ತದೆ. ಪೂರ್ವಗ್ರಹ ಅನ್ನೋದು ಎಲ್ಲರ ತಲೆಯಲ್ಲೂ ದಿನವೂ ನಡೆಯುವ ಈ ವಿಂಗಡಣೆಯಿಂದ ಶುರುವಾಗುತ್ತದೆ, ಅದಕ್ಕೆ ಕಾಯಿಲೆಯ ಮನಸ್ಸೇ ಬೇಕಿಲ್ಲ ಎಂದು ಅವರು 1969ರ ಲೇಖನದಲ್ಲಿ ವಾದಿಸಿದರು. ಆಕ್ರಮಣ ಹುಟ್ಟುಗುಣ ಎಂಬ, ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ಕಾನ್ರಾಡ್ ಲೊರೆನ್ಜ್ ಅವರ ಮಾತು ಜನಪ್ರಿಯವಾಗಿದ್ದ ಕಾಲ ಅದು. ಆ ಬಗೆಯ ವಿವರಣೆಯನ್ನು ಎದುರಿಸುತ್ತಲೇ ಆ ಲೇಖನ ಶುರುವಾಗುತ್ತದೆ.

ಹೊಂಗೆನೆರಳು

ಮೇಷ್ಟ್ರೇ, ಗೆರೆಗಳ ಪ್ರಯೋಗದ ಬಗ್ಗೆ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಅದನ್ನು ಬಿಟ್ಟು ನೇರ 1970ಕ್ಕೆ ಹಾರಿದರೆ ದಾರಿಯೇ ಕಾಣುವುದಿಲ್ಲ.

ಅಂಕೆಸಂಖ್ಯೆ

ನಾನು ಸ್ವಲ್ಪ ಎದುರು ಮಾತಾಡಬೇಕು. ಹುಡುಗರು ಯಾಕೆ ಹಾಗೆ ಮಾಡಿದರು ಅನ್ನುವುದಕ್ಕೆ ತಾಜ್‌ಫೆಲ್ ಕೊಟ್ಟ ಉತ್ತರ ಇದು: ನಾವು ಯಾವ ಗುಂಪಿಗೆ ಸೇರಿದ್ದೇವೋ ಅದು ನಮ್ಮ ಬಗ್ಗೆ ನಮಗಿರುವ ಚಿತ್ರದ ಒಂದು ಭಾಗ. ಆ ಭಾಗ ಚೆನ್ನಾಗಿ ಕಾಣಬೇಕು. ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುವುದು ಇನ್ನೊಂದು ಗುಂಪಿನ ಜೊತೆ ಹೋಲಿಸಿದಾಗ. ಹಾಗಾಗಿ ಅಂತರ ಬೇಕು. ಜಾನ್ ಟರ್ನರ್ ಜೊತೆ 1979ರಲ್ಲಿ ಇದನ್ನು ಪೂರ್ಣ ಸಿದ್ಧಾಂತವಾಗಿ ಬರೆದರು. ಇದೇ ‘ಸಾಮಾಜಿಕ ಗುರುತಿನ ಸಿದ್ಧಾಂತ’.

ಆದರೆ ಬೇರೆ ವಿವರಣೆಗಳೂ ಇವೆ, ಅವು ಸುಲಭವಾಗಿ ತಳ್ಳಿಹಾಕುವಂಥವಲ್ಲ. ಡಚ್ ಸಂಶೋಧಕ ಯಾಕೊಬ್ ರಾಬಿ ಹೇಳಿದ್ದು: ಹುಡುಗ ತನಗೆ ಕೊಟ್ಟುಕೊಳ್ಳದಿದ್ದರೂ ಉಳಿದವರು ಅವನಿಗೆ ಕೊಡುತ್ತಾರೆ. ‘ನಮ್ಮವರು ನನಗೆ ಕೊಡ್ತಾರೆ, ನಾನೂ ಅವರಿಗೆ ಕೊಡ್ತೀನಿ’ ಎಂಬ ಲೆಕ್ಕ ಇದ್ದೇ ಇದೆ. ತನಗೆ ಬರುವ ಅಂಕ ಪೂರ್ತಿ ಹೊರಗಿನ ಗುಂಪಿನವರ ಕೈಯಲ್ಲೇ ಇದೆ ಎಂದು ಹೇಳಿದಾಗ ಜನ ಹೊರಗಿನವರಿಗೇ ಜಾಸ್ತಿ ಕೊಟ್ಟರು. 1989ರಲ್ಲಿ ಪ್ರಕಟವಾದ ಕೆಲಸ ಇದು. ಜಪಾನಿನ ತೋಶಿಯೊ ಯಮಾಗಿಶಿ ಮತ್ತು ಸಂಗಡಿಗರೂ ಇದೇ ದಾರಿಯಲ್ಲಿ ನಡೆದರು. ಹಂಚುವವನಿಗೆ ಯಾರಿಂದಲೂ ವಾಪಸ್ ಏನೂ ಬರುವುದಿಲ್ಲ ಎಂಬುದು ಖಚಿತವಾದರೆ ಪಕ್ಷಪಾತ ಹೆಚ್ಚುಕಡಿಮೆ ಮಾಯವಾಗುತ್ತದೆ ಎಂದು ತೋರಿಸಿದರು.

ಹಾಗಾದರೆ ಗುರುತಿನ ಸಿದ್ಧಾಂತ ಬಿದ್ದುಹೋಯಿತೇ? ನನಗೆ ಹಾಗನ್ನಿಸುವುದಿಲ್ಲ. ‘ನಮ್ಮವರು ನನಗೆ ಕೊಡ್ತಾರೆ’ ಅಂತ ಆ ಹುಡುಗನಿಗೆ ಯಾರು ಹೇಳಿದರು? ಹತ್ತು ನಿಮಿಷದ ಹಿಂದೆ ಹುಟ್ಟಿದ ಗುಂಪಿನ ಮೇಲೆ ಅಷ್ಟು ನಂಬಿಕೆ ಬರಬೇಕಾದರೆ, ಅದು ಆಗಲೇ ‘ನಾವು’ ಆಗಿರಬೇಕು. ಎರಡು ವಿವರಣೆಗಳೂ ಒಂದಕ್ಕೊಂದು ಬೇಕು ಅನ್ನೋದು ನನ್ನ ಅಭಿಪ್ರಾಯ.

ದಾರಿಹೋಕ

ಅಂಕ ಕೊಡುವ ಬದಲು ಶಿಕ್ಷೆ ಕೊಡಿಸಿದ್ದರೆ? ಆಗ ಎದುರು ಗುಂಪಿಗೆ ಜಾಸ್ತಿ ಶಿಕ್ಷೆ ಕೊಡುತ್ತಿದ್ದರೇ?

ಅಂಕೆಸಂಖ್ಯೆ

ಸರಿಯಾದ ಪ್ರಶ್ನೆ. ಜರ್ಮನಿಯ ಅಮೇಲಿ ಮುಮ್ಮೆಂಡೈ ಮತ್ತು ಸಂಗಡಿಗರು ಅದನ್ನೇ ನೋಡಿದರು. ಅಂಕಗಳ ಬದಲು ಕಿವಿಗೆ ಹಿಂಸೆಯಾಗುವ ಸದ್ದನ್ನು ಎಷ್ಟು ಹೊತ್ತು ಕೇಳಿಸಬೇಕು ಎಂದು ಹಂಚಿಸಿದರು. ಬರಿಯ ಹೆಸರಿನ ಗುಂಪುಗಳಲ್ಲಿ ಪಕ್ಷಪಾತ ಕಾಣಲಿಲ್ಲ. ಜನ ಸಮವಾಗಿ ಹಂಚಲು, ಒಟ್ಟು ಹಿಂಸೆ ಕಡಿಮೆ ಮಾಡಲು ನೋಡಿದರು. ಗುಂಪು ಚಿಕ್ಕದಾಗಿದ್ದು ಕೀಳು ಸ್ಥಾನದಲ್ಲೂ ಇದೆ ಎಂಬಂಥ ಒತ್ತಡ ಸೇರಿದಾಗ ಮಾತ್ರ ಕೆಟ್ಟದ್ದನ್ನು ಹಂಚುವಲ್ಲೂ ಪಕ್ಷಪಾತ ಬಂತು.

ನಮ್ಮವನಿಗೆ ಒಂದು ಅಂಕ ಜಾಸ್ತಿ ಕೊಡುವುದು ಬೇರೆ, ಆ ಗುಂಪಿನವನಿಗೆ ನೋವು ಕೊಡುವುದು ಬೇರೆ. ಮೆರಿಲಿನ್ ಬ್ರೂವರ್ ಇದನ್ನು 1999ರಲ್ಲಿ ಸ್ಪಷ್ಟವಾಗಿ ಬಿಡಿಸಿ ಬರೆದರು. ನಮ್ಮವರ ಮೇಲಿನ ಪ್ರೀತಿ ತಾನಾಗಿ ಹೊರಗಿನವರ ಮೇಲಿನ ದ್ವೇಷ ಆಗುವುದಿಲ್ಲ. ಆದರೆ ಬಹಳಷ್ಟು ತಾರತಮ್ಯ ನಡೆಯೋದು ದ್ವೇಷವೇ ಇಲ್ಲದೆ, ನಮ್ಮವರಿಗೆ ಸಣ್ಣ ಸಣ್ಣ ಸಹಾಯ ಮಾಡುತ್ತಲೇ ಎಂದೂ ಅವರು ಹೇಳುತ್ತಾರೆ. ಕೆಲಸ ಕೊಡುವವರು, ಮನೆ ಬಾಡಿಗೆಗೆ ಕೊಡುವವರು ಯಾರನ್ನೂ ದ್ವೇಷಿಸದೆಯೇ ಒಂದು ಸಮುದಾಯವನ್ನು ಪೂರ್ತಿ ಹೊರಗಿಡಬಹುದು. ಇದು ಸಮಾಧಾನದ ಮಾತಲ್ಲ.

ಇಬ್ಬನಿ

ನಾವು ಇನ್ನೂ ಪ್ರಯೋಗದ ಕೋಣೆಯೊಳಗೇ ಇದ್ದೇವೆ. ತಾಜ್‌ಫೆಲ್ ಅವರ ಕೆಲಸದಲ್ಲಿ ನನಗೆ ಬೇಕಾದ ಭಾಗ ಅದರಾಚೆ ಇದೆ, ಅದರ ಬಗ್ಗೆ ಮಾತಾಡುವವರೇ ಕಡಿಮೆ.

ಕ್ಲೀ ಗುಂಪು, ಕ್ಯಾಂಡಿನ್‌ಸ್ಕಿ ಗುಂಪು ಎರಡೂ ಸಮ. ಹೊರಗಿನ ಲೋಕದಲ್ಲಿ ಗುಂಪುಗಳು ಸಮ ಇರೋದಿಲ್ಲ. ಒಂದು ಮೇಲೆ, ಒಂದು ಕೆಳಗೆ. ಕೆಳಗಿರುವ ಗುಂಪಿನ ಸದಸ್ಯರಿಗೆ ಹೋಲಿಕೆ ಮಾಡಿದಾಗಲೆಲ್ಲ ನೋವು. ಆಗ ಅವರು ಏನು ಮಾಡುತ್ತಾರೆ? 1979ರ ಸಿದ್ಧಾಂತದ ಮುಖ್ಯ ಭಾಗ ಈ ಪ್ರಶ್ನೆ.

ಒಂದು, ಗುಂಪು ಬಿಟ್ಟು ಹೋಗುವುದು. ಒಬ್ಬೊಬ್ಬರಾಗಿ ಮೇಲಿನ ಗುಂಪು ಸೇರಲು ನೋಡುವುದು. ಮೇಲಿನ ಗುಂಪಿನ ಬಾಗಿಲು ತೆರೆದಿದೆ ಎಂಬ ನಂಬಿಕೆ ಇದ್ದಾಗ ಜನ ಈ ದಾರಿ ಹಿಡಿಯುತ್ತಾರೆ. ಒಬ್ಬಿಬ್ಬರು ಒಳಗೆ ಹೋದರೂ ಸಾಕು, ಉಳಿದವರಿಗೆ ಬಾಗಿಲು ತೆರೆದಂತೆ ಕಾಣುತ್ತದೆ. ಗುಂಪಿನ ಸ್ಥಿತಿ ಮಾತ್ರ ಇದ್ದಲ್ಲೇ ಇರುತ್ತದೆ.

ಎರಡನೆಯದು, ಹೋಲಿಕೆಯನ್ನೇ ಬದಲಿಸುವುದು. ಇದಕ್ಕೆ ತಾಜ್‌ಫೆಲ್ ಮತ್ತು ಟರ್ನರ್ ಫ್ರಾನ್ಸಿನ ಜೆರಾರ್ ಲಮೇನ್ ಅವರ ಕೆಲಸ ನೆನೆಯುತ್ತಾರೆ. ಶಿಬಿರದಲ್ಲಿ ಮಕ್ಕಳ ಎರಡು ತಂಡಗಳಿಗೆ ಗುಡಿಸಲು ಕಟ್ಟುವ ಸ್ಪರ್ಧೆ. ಒಂದು ತಂಡಕ್ಕೆ ಕೊಟ್ಟ ಸಾಮಾನು ಕಡಿಮೆ. ಗುಡಿಸಲಿನಲ್ಲಿ ಗೆಲ್ಲುವ ಹಾಗಿಲ್ಲ ಎಂದು ಗೊತ್ತಾದಾಗ ಆ ಮಕ್ಕಳು ಗುಡಿಸಲಿನ ಸುತ್ತ ಪುಟ್ಟ ತೋಟ ಮಾಡಿದರು. ತೋಟವನ್ನೂ ಲೆಕ್ಕಕ್ಕೆ ತಗೊಳ್ಳಿ ಎಂದು ವಾದ ಮಾಡಿದರು. ಅದನ್ನು ಓದಿದಾಗಲೆಲ್ಲ ನನಗೆ ಆ ಮಕ್ಕಳ ಮೇಲೆ ಅಕ್ಕರೆ ಉಕ್ಕುತ್ತದೆ. ಇದೇ ದಾರಿಯ ಇನ್ನೊಂದು ಬಗೆ, ಇದುವರೆಗೆ ಕೀಳು ಎನಿಸಿಕೊಂಡ ಗುಣವನ್ನೇ ಎತ್ತಿಹಿಡಿಯುವುದು. 1960ರ ದಶಕದ ಅಮೆರಿಕದಲ್ಲಿ ಕಪ್ಪು ಜನ ‘ಕಪ್ಪೇ ಚೆಂದ’ ಎಂದರಲ್ಲ, ಹಾಗೆ.

ಮೂರನೆಯದು, ನೇರ ಹೋರಾಟ. ಮೇಲು-ಕೀಳಿನ ಏರ್ಪಾಡನ್ನೇ ಪ್ರಶ್ನಿಸುವುದು. ಇದು ಯಾವಾಗ ಆಗುತ್ತದೆ? ಬಾಗಿಲು ಮುಚ್ಚಿದೆ ಎಂದು ಗೊತ್ತಾದಾಗ, ಈ ಏರ್ಪಾಡು ನ್ಯಾಯವಲ್ಲ ಎನಿಸಿದಾಗ, ಬೇರೆ ಥರ ಇರಬಹುದು ಎಂಬ ಚಿತ್ರ ಕಣ್ಣ ಮುಂದೆ ಬಂದಾಗ. ಬಡತನ, ಅವಮಾನ ಇದ್ದಷ್ಟಕ್ಕೇ ಜನ ಏಳುವುದಿಲ್ಲ. ‘ಇದು ಹೀಗೇ ಇರಬೇಕಾಗಿಲ್ಲ’ ಅನ್ನಿಸಬೇಕು.

ದ್ವೇಷ ಸಹಜ ಅನ್ನುವವರ ಸಿದ್ಧಾಂತದಲ್ಲಿ ಇಂಥ ಬದಲಾವಣೆಗೆ ಜಾಗವೇ ಇರುವುದಿಲ್ಲ. ಇಲ್ಲಿ ಬದಲಾವಣೆಯೇ ನಡುಗಂಬ.

ಸಂಜೆಓದು

ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ. ಆದರೆ ‘ಪೂರ್ತಿ ಕೆಲಸದ ಬಗ್ಗೆ’ ಎಂದು ಶೀರ್ಷಿಕೆ ಇದೆ. ಹಾಗಾಗಿ ಇದನ್ನೂ ಹೇಳಬೇಕು. 2019ರಲ್ಲಿ ಯುರೋಪಿನ ಸಾಮಾಜಿಕ ಮನೋವಿಜ್ಞಾನಿಗಳ ಸಂಘ ತಾಜ್‌ಫೆಲ್ ಹೆಸರಿನಲ್ಲಿದ್ದ ಜೀವಮಾನ ಸಾಧನೆಯ ಪ್ರಶಸ್ತಿಯಿಂದ ಅವರ ಹೆಸರು ತೆಗೆಯಿತು. ಆ ಸಂಘವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಕಾರಣ, ತಮ್ಮ ಜೊತೆ ಕೆಲಸ ಮಾಡುತ್ತಿದ್ದ ಯುವತಿಯರಿಗೆ ಅವರು ಲೈಂಗಿಕ ಕಿರುಕುಳ ಕೊಡುತ್ತಿದ್ದರು ಎಂಬ ವಿವರಗಳು ಬಹಿರಂಗವಾಗಿ ಬಂದದ್ದು. ಅದೇ ವರ್ಷ ಜೇಸಿ ಯಂಗ್ ಮತ್ತು ಪೀಟರ್ ಹೆಗಾರ್ಟಿ ಈ ಕ್ಷೇತ್ರದಲ್ಲಿ ಇಂಥ ನಡವಳಿಕೆ ಹೇಗೆ ‘ಮಾಮೂಲು’ ಆಗಿತ್ತು ಎಂಬ ಬಗ್ಗೆ ಲೇಖನ ಬರೆದರು.

ಇದು ಅವರ ಖಾಸಗಿ ವಿಷಯ ಎಂದು ಪಕ್ಕಕ್ಕಿಡಲು ನನಗೆ ಆಗುವುದಿಲ್ಲ. ಲ್ಯಾಬಿನಲ್ಲಿ ಯಾರು ಉಳಿದರು, ಯಾರು ಬಿಟ್ಟುಹೋದರು, ಯಾರ ಪ್ರಶ್ನೆಗಳು ಸಂಶೋಧನೆಯಾದವು ಎಂಬುದೆಲ್ಲ ಇದರ ಜೊತೆ ಸೇರಿದೆ. ಈ ಸಿದ್ಧಾಂತದ ಶುರುವಿನ ವರ್ಷಗಳಲ್ಲಿ ಗಂಡು-ಹೆಣ್ಣಿನ ಗುಂಪು ಸಂಬಂಧದ ಬಗ್ಗೆ ಎಷ್ಟು ಕಡಿಮೆ ಬರೆದಿದ್ದಾರೆ ನೋಡಿ. ಪ್ರಯೋಗಕ್ಕೆ ಕೂತವರೂ ಬರೀ ಹುಡುಗರೇ.

ಹೊಂಗೆನೆರಳು

ಸಂಜೆಓದು ಅವರೇ, ಇದನ್ನು ಇಲ್ಲಿ ಎತ್ತಿದ್ದು ಸರಿ. ಹೆಸರು ತೆಗೆದದ್ದೂ ಸರಿ ಎಂದೇ ನನ್ನ ನಿಲುವು. ಪ್ರಶಸ್ತಿ ಅನ್ನೋದು ‘ಇವರಂತೆ ಆಗಿ’ ಎಂದು ಕಿರಿಯರಿಗೆ ಹೇಳುವ ಮಾತು. ಕಿರುಕುಳ ಅನುಭವಿಸಿದ ಹೆಣ್ಣುಮಕ್ಕಳ ಮುಂದೆ ಆ ಹೆಸರು ಹೇಳಿ ಪದಕ ಕೊಡೋದು ಹೇಗೆ?

ಸಿದ್ಧಾಂತವನ್ನು ಮಾತ್ರ ಅದರ ಪುರಾವೆಯಿಂದಲೇ ಅಳೆಯಬೇಕು. ಇನ್ನೊಂದು ವಿಷಯ, ಅದು ಈಗ ಒಬ್ಬರ ಆಸ್ತಿಯಲ್ಲ. ಟರ್ನರ್ ಅದನ್ನು 1987ರಲ್ಲಿ ಬೇರೆಯೇ ದಿಕ್ಕಿಗೆ ಒಯ್ದರು. ಒಬ್ಬನೇ ಮನುಷ್ಯ ಸಂದರ್ಭಕ್ಕೆ ತಕ್ಕಂತೆ ಒಮ್ಮೆ ‘ನಾನು’, ಒಮ್ಮೆ ‘ನಾವು’ ಆಗುವುದು ಹೇಗೆ ಎಂದು ಕೇಳಿದರು. ಬಿಲಿಗ್ ಪ್ರಯೋಗಗಳನ್ನೇ ಬಿಟ್ಟು, ರಾಷ್ಟ್ರೀಯತೆ ದಿನನಿತ್ಯದ ಮಾತಿನಲ್ಲಿ ಹೇಗೆ ಅಡಗಿರುತ್ತದೆ ಎಂಬುದನ್ನು ಹುಡುಕಿದರು. ಗಂಡು-ಹೆಣ್ಣಿನ ಸಂಬಂಧವನ್ನು ಈ ಚೌಕಟ್ಟಿನಲ್ಲಿ ನೋಡುವ ಕೆಲಸವನ್ನೂ ಆಮೇಲಿನವರು ಮಾಡಿದರು.

ದಾರಿಹೋಕ

ನನ್ನದು ನೇರ ಪ್ರಶ್ನೆ. ಇಷ್ಟೆಲ್ಲ ತಿಳಿದ ಮೇಲೆ, ಎರಡು ಗುಂಪುಗಳ ನಡುವಿನ ಗೋಡೆ ಇಳಿಸುವುದು ಹೇಗೆ? ಪರಸ್ಪರ ಬೆರೆತರೆ ಸಾಕು ಅಂತಾರಲ್ಲ, ನಿಜವಾ?

ಹಳೇಮೇಷ್ಟ್ರು

ಬೆರೆಯುವುದರಿಂದ ಪ್ರಯೋಜನ ಇದೆ. ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದರು, ಆದರೆ ಷರತ್ತುಗಳ ಜೊತೆ. ಆ ಜಾಗದಲ್ಲಿ ಇಬ್ಬರಿಗೂ ಸಮಾನ ಸ್ಥಾನ ಇರಬೇಕು. ಗುರಿ ಒಂದೇ ಆಗಿರಬೇಕು. ಸಹಕಾರ ಬೇಕು. ಕಾನೂನು, ಸಂಸ್ಥೆ, ಹಿರಿಯರ ಬೆಂಬಲ ಬೇಕು. ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬೆರೆತಲ್ಲಿ ಪೂರ್ವಗ್ರಹ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಷರತ್ತುಗಳು ಇದ್ದರೆ ಪರಿಣಾಮ ಜಾಸ್ತಿ, ಇಲ್ಲದಿದ್ದರೂ ಸ್ವಲ್ಪ ಇದೆ.

ತಾಜ್‌ಫೆಲ್ ದಾರಿಯವರು ಕೇಳಿದ್ದು ಇನ್ನೊಂದು ಪ್ರಶ್ನೆ. ‘ನಾವು’ ಎಂಬುದರ ಗಡಿಯನ್ನೇ ಸರಿಸಿದರೆ? ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಮಾರ್ಕ್ ಲೆವಿನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಕೆಲಸ ಕೇಳಿ. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳನ್ನು ಕರೆಸಿದರು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಒಬ್ಬ ಜಾರಿ ಬಿದ್ದು ಕಾಲು ಹಿಡಿದುಕೊಂಡು ನರಳುತ್ತಾನೆ. ಅವನು ಸಂಶೋಧಕರ ಕಡೆಯವನೇ. ಯುನೈಟೆಡ್ ಅಂಗಿ ತೊಟ್ಟಿದ್ದರೆ ಹೆಚ್ಚುಕಡಿಮೆ ಎಲ್ಲರೂ ಸಹಾಯ ಮಾಡಿದರು. ಎದುರಾಳಿ ಲಿವರ್‌ಪೂಲ್ ಅಂಗಿ ಇದ್ದರೆ ಮೂರರಲ್ಲಿ ಒಬ್ಬರಷ್ಟು. ಯಾವ ತಂಡದ್ದೂ ಅಲ್ಲದ ಅಂಗಿ ಇದ್ದರೂ ಅಷ್ಟೇ. ಎರಡನೇ ಸಲ, ಮೊದಲೇ ‘ಫುಟ್‌ಬಾಲ್ ಪ್ರೇಮಿ’ ಆಗಿರುವುದರ ಬಗ್ಗೆ ಮಾತಾಡಿಸಿ ಕಳಿಸಿದರು. ಆಗ ಲಿವರ್‌ಪೂಲ್ ಅಂಗಿಯವನಿಗೂ ಸಹಾಯ ಸಿಕ್ಕಿತು.

ಯಾವ ತಂಡದ್ದೂ ಅಲ್ಲದ ಅಂಗಿಯವನಿಗೆ ಆಗಲೂ ಹೆಚ್ಚು ಸಿಗಲಿಲ್ಲ. ಗಡಿ ಸರಿಯಿತು, ಹೊಸ ಗಡಿಯ ಹೊರಗೂ ಒಬ್ಬ ಉಳಿದ.

ಇಬ್ಬನಿ

ಮೇಷ್ಟ್ರೇ, ಇಲ್ಲಿ ನನ್ನದೊಂದು ತಕರಾರು ಇದೆ. ‘ನಾವೆಲ್ಲ ಒಂದೇ’ ಎಂದು ಹೇಳುವವರು ಸಾಮಾನ್ಯವಾಗಿ ಮೇಲಿರುವ ಗುಂಪಿನವರು. ತಮರ್ ಸಾಗಿ ಮತ್ತು ಸಂಗಡಿಗರ 2009ರ ಅಧ್ಯಯನ ನೋಡಿ. ಲ್ಯಾಬಿನಲ್ಲಿ ಎರಡು ಗುಂಪು ಮಾಡಿ ಒಂದಕ್ಕೆ ಹಂಚುವ ಅಧಿಕಾರ ಕೊಟ್ಟರು. ಕೆಲವರಿಗೆ ತಮ್ಮ ನಡುವೆ ಸಮಾನವಾದ ಸಂಗತಿಗಳ ಬಗ್ಗೆ ಮಾತ್ರ ಮಾತಾಡಲು ಹೇಳಿದರು. ಇನ್ನು ಕೆಲವರಿಗೆ ವ್ಯತ್ಯಾಸಗಳ ಬಗ್ಗೆ. ಸಮಾನವಾದದ್ದನ್ನು ಮಾತಾಡಿದವರು ಒಬ್ಬರನ್ನೊಬ್ಬರು ಹೆಚ್ಚು ಇಷ್ಟಪಟ್ಟರು. ಅಧಿಕಾರವಿಲ್ಲದ ಗುಂಪಿನವರಿಗೆ ‘ಇವರು ನಮಗೆ ನ್ಯಾಯವಾಗಿ ಹಂಚುತ್ತಾರೆ’ ಎಂಬ ನಿರೀಕ್ಷೆ ಹುಟ್ಟಿತು. ಆದರೆ ಅಧಿಕಾರ ಇದ್ದವರು ಮಾತ್ರ ತಮ್ಮವರಿಗೇ ಜಾಸ್ತಿ ಹಂಚಿದರು.

ಇಸ್ರೇಲಿನ ಅರಬರ ನಡುವೆ ನಡೆಸಿದ ಸಮೀಕ್ಷೆಯಲ್ಲೂ ಇದರ ಛಾಯೆ ಕಂಡಿತು. ಯಹೂದಿ ಗೆಳೆಯರು ಹೆಚ್ಚಿದ್ದವರಿಗೆ ಅಸಮಾನತೆ ಕಡಿಮೆ ಕಣ್ಣಿಗೆ ಬೀಳುತ್ತಿತ್ತು, ಬದಲಾವಣೆಗೆ ಬೆಂಬಲವೂ ಕಡಿಮೆ ಇತ್ತು.

ಗೆಳೆತನ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಪೂರ್ವಗ್ರಹ ಇಳಿಯೋದು ಮತ್ತು ನ್ಯಾಯ ಸಿಗೋದು ಒಂದೇ ಅಲ್ಲ. ಒಂದನ್ನು ಇನ್ನೊಂದರ ಬದಲಿಗೆ ಕೊಡಬಾರದು. ಕೆಳಗಿರುವ ಗುಂಪು ‘ನಾವು’ ಎಂದು ಗಟ್ಟಿಯಾಗಿ ಹೇಳಿಕೊಂಡಾಗಲೇ ಬದಲಾವಣೆ ಬರುತ್ತದೆ ಎಂಬುದು 1979ರ ಬರಹದಲ್ಲೇ ಇದೆ.

ಹಳೇಮೇಷ್ಟ್ರು

ನಿಮ್ಮ ತಕರಾರು ಗಟ್ಟಿಯಾಗಿದೆ, ಇಬ್ಬನಿ. ಆಲ್‌ಪೋರ್ಟ್ ಅವರ ಮೊದಲ ಷರತ್ತೇ ಸಮಾನ ಸ್ಥಾನ. ಅದನ್ನು ಬಿಟ್ಟು ಬರೀ ಬೆರೆಯಿರಿ ಎಂದರೆ ನೀವು ಹೇಳಿದ್ದೇ ಆಗುತ್ತದೆ. ಆದರೂ ಉತ್ತರ ಐರ್ಲೆಂಡಿನಂಥ ಕಡೆ, ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಸಮುದಾಯಗಳು ಬೇರೆ ಬೇರೆ ಬೀದಿಯಲ್ಲಿ ಬದುಕುವಾಗ, ಒಬ್ಬ ಗೆಳೆಯ ಇರುವುದೂ ದೊಡ್ಡ ಮಾತು. ಮೈಲ್ಸ್ ಹ್ಯೂಸ್ಟೋನ್ ಮತ್ತು ಸಂಗಡಿಗರು ಅಲ್ಲಿ ಕಂಡದ್ದು, ಆ ಕಡೆಯ ಗೆಳೆಯ ಇದ್ದವರಲ್ಲಿ ಭಯ ಕಡಿಮೆ. ತನಗೆ ಇಲ್ಲದಿದ್ದರೂ ತನ್ನವರಲ್ಲಿ ಒಬ್ಬರಿಗೆ ಆ ಕಡೆಯ ಗೆಳೆಯ ಇದ್ದರೂ ಸ್ವಲ್ಪ ಕಡಿಮೆ. ಗುಂಡು ಹಾರುತ್ತಿದ್ದ ಜಾಗದಲ್ಲಿ ಭಯ ಕಡಿಮೆಯಾಗುವುದನ್ನು ನಾನು ಸಣ್ಣದು ಎನ್ನಲಾರೆ.

ಸಂಜೆಓದು

ಇಬ್ಬನಿ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಅದು ತಾಜ್‌ಫೆಲ್ ಇದ್ದ ಊರಿನದೇ, ಅವರ ಕಾಲದ್ದೇ. 1980ರ ಏಪ್ರಿಲ್‌ನಲ್ಲಿ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಗಲಭೆ ಆಯಿತು. ಒಂದು ಕೆಫೆಯ ಮೇಲೆ ಪೊಲೀಸರು ದಾಳಿ ಮಾಡಿದ್ದರಿಂದ ಶುರುವಾಯಿತು. ಅಲ್ಲೇ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಸ್ಟೀಫನ್ ರೈಖರ್ ಅದನ್ನು ಅಧ್ಯಯನ ಮಾಡಿ 1984ರಲ್ಲಿ ಪ್ರಕಟಿಸಿದರು.

ಗುಂಪಿನೊಳಗೆ ಹೋದ ಮನುಷ್ಯ ಬುದ್ಧಿ ಕಳೆದುಕೊಳ್ಳುತ್ತಾನೆ ಎಂದು ಗುಸ್ತಾವ್ ಲ ಬಾನ್ 1895ರಲ್ಲೇ ಬರೆದಿದ್ದರು. ಆ ಮಾತು ಇವತ್ತಿಗೂ ಪತ್ರಿಕೆಗಳಲ್ಲಿ ಓಡಾಡುತ್ತದೆ. ರೈಖರ್ ಕಂಡದ್ದು ಬೇರೆ. ಕಲ್ಲು ಬಿದ್ದದ್ದು ಪೊಲೀಸರ ಮೇಲೆ. ಜನಸಾಮಾನ್ಯರ ಮನೆಗಳನ್ನು ಬಿಟ್ಟರು. ಒಬ್ಬ ಯಾರಾದರೂ ಬೇರೆ ಕಡೆ ಕಲ್ಲೆಸೆದರೆ ಉಳಿದವರು ಅದನ್ನು ಮುಂದುವರಿಸಲಿಲ್ಲ. ಪೊಲೀಸರನ್ನು ಬಡಾವಣೆಯ ಗಡಿಯಾಚೆಗೆ ಅಟ್ಟಿದ ಮೇಲೆ ಜನ ಅಟ್ಟಿಸಿಕೊಂಡು ಹೋಗಲಿಲ್ಲ. ಒಳಗೆ ವಾಹನಗಳು ಓಡಾಡುತ್ತಿದ್ದವು, ಗುಂಪಿನವರೇ ದಾರಿ ಮಾಡಿಕೊಡುತ್ತಿದ್ದರು.

ಅವರೆಲ್ಲರಿಗೂ ಸೇಂಟ್ ಪಾಲ್ಸ್‌ನವರು ಎಂಬ ಒಂದೇ ಗುರುತು ಇತ್ತು. ಯಾವುದು ಸರಿ, ಯಾವುದು ಮಿತಿ ಮೀರಿದ್ದು ಎಂಬುದನ್ನು ಆ ಗುರುತೇ ಹೇಳುತ್ತಿತ್ತು. ಯಾರೂ ಮುಂದೆ ನಿಂತು ಆಜ್ಞೆ ಕೊಡಲಿಲ್ಲ. ಕಪ್ಪು ಜನ ಮಾತ್ರ ಇದ್ದರು ಎಂದೂ ಅಲ್ಲ, ಬಿಳಿಯರೂ ಇದ್ದರು. ಅವರೆಲ್ಲ ಆ ಬಡಾವಣೆಯವರಾಗಿ ಸೇರಿದ್ದರು.

ಇದೇ ದಾರಿಯಲ್ಲಿ ಮುಂದೆ ರೈಖರ್ ಮತ್ತು ಕ್ಲಿಫರ್ಡ್ ಸ್ಟಾಟ್ ಫುಟ್‌ಬಾಲ್ ಪಂದ್ಯಗಳ ಪೊಲೀಸ್ ವ್ಯವಸ್ಥೆ ಬಗ್ಗೆ ಕೆಲಸ ಮಾಡಿದರು. ಪೊಲೀಸರು ಎಲ್ಲ ಅಭಿಮಾನಿಗಳನ್ನೂ ಒಂದೇ ಅಪಾಯದ ಗುಂಪಿನಂತೆ ನಡೆಸಿಕೊಂಡರೆ, ಶಾಂತವಾಗಿದ್ದವರೂ ಗಲಾಟೆ ಮಾಡುವವರ ಪಕ್ಕ ನಿಲ್ಲುತ್ತಾರೆ. ಬೇರೆ ಬೇರೆಯಾಗಿ, ಮರ್ಯಾದೆಯಿಂದ ನಡೆಸಿಕೊಂಡರೆ ಅಭಿಮಾನಿಗಳೇ ಗಲಾಟೆಯವರನ್ನು ತಡೆಯುತ್ತಾರೆ. 2004ರಲ್ಲಿ ಪೋರ್ಚುಗಲ್‌ನಲ್ಲಿ ಯುರೋ ಕಪ್ ಫುಟ್‌ಬಾಲ್ ನಡೆದಾಗ ಅಲ್ಲಿನ ಪೊಲೀಸರು ಈ ತಿಳಿವಳಿಕೆ ಬಳಸಿಕೊಂಡರು. ದಾರಿಹೋಕ ಅವರು ಗೋಡೆ ಇಳಿಸುವುದು ಹೇಗೆ ಎಂದು ಕೇಳಿದ್ದರಲ್ಲ, ಅಧಿಕಾರದಲ್ಲಿ ಇರುವವರ ಕೈಯಲ್ಲಿ ಎಷ್ಟಿದೆ ಎಂಬುದಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ.

ದಾರಿಹೋಕ

ಪೊಲೀಸರ ವಿಷಯ ಓದಿ ತುಂಬಾ ಯೋಚನೆ ಬಂತು. ಅದರ ಬಗ್ಗೆ ಬೇರೆ ಎಳೆ ಶುರು ಮಾಡ್ತೀನಿ, ಸಂಜೆಓದು ಅವರು ಅಲ್ಲಿ ಖಂಡಿತ ಬರಬೇಕು. ಅಂಕೆಸಂಖ್ಯೆ ಅವರೇ, ಪೋರ್ಚುಗಲ್‌ನಲ್ಲಿ ಅಳೆದದ್ದು ಹೇಗೆ ಅಂತ ನಿಮಗೆ ಗೊತ್ತಿದ್ದರೆ ಅಲ್ಲಿ ಬರೆಯಿರಿ.